ಬ್ಯಾನರಿನ ಹಿಂದೆ ನಡೆದವರು

ಬೆಳಗಿನ ಐದೂವರೆ. ಹೊಲಿಗೆ ಯಂತ್ರದ ಪುಟ್ಟ ಬಲ್ಬಿನ ಕೆಳಗಿನಿಂದ ಹದಿನೆಂಟು ಅಡಿ ಬಿಳಿ ಬಟ್ಟೆ ಬಾಗಿಲವರೆಗೂ ಹಾಸಿಕೊಂಡಿದೆ. ಅದರ ಮೇಲೆ 'ಹುಟ್ಟುವ ಮುನ್ನವೂ ಅದು ಜೀವವೇ' ಎಂಬ ನೀಲಿ ಅಕ್ಷರಗಳು. ಟೈಲರಕ್ಕ ಕೊನೆಯ ಅಂಚು ಮಡಚಿ ಹೊಲಿದು, ಹಲ್ಲಿನಿಂದ ದಾರ ಕಡಿಯುತ್ತಾರೆ. ಎಂಟಕ್ಕೆ ಚರ್ಚಿನಲ್ಲಿ ಬಲಿಪೂಜೆ. ಅದು ಮುಗಿದ ಮೇಲೆ ಗರ್ಭಪಾತದ ವಿರುದ್ಧ ವರ್ಷಕ್ಕೊಮ್ಮೆ ಹೊರಡುವ ಮೆರವಣಿಗೆ.

ಹನ್ನೊಂದು ವರ್ಷದಿಂದ ಈ ಬ್ಯಾನರು ಅವರದೇ ಕೈಕೆಲಸ. ಉಳಿದ ದಿನಗಳಲ್ಲಿ ಶಾಲಾ ಸಮವಸ್ತ್ರ: ದಿನಕ್ಕೆ ಆರು ಚಡ್ಡಿ, ನಾಲ್ಕು ಲಂಗ. ಮಿಕ್ಕ ಸಮಯದಲ್ಲಿ ಹೊಟ್ಟೆಕಿಚ್ಚು. ಅದನ್ನವರು ಪತ್ರಿಕೆಗೆ ಬರೆಯಲು ಬಂದ ನನ್ನೆದುರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

"ಹೊಲಿಯೋದು ನಾನು, ಹಿಡಿಯೋದು ಓರಗಿತ್ತಿ. ಪೇಪರ್‌ನಲ್ಲಿ ಫೋಟೋ ಅವಳದು. ನಾನು ಹಿಂದಿನಿಂದ ಉಲ್ಟಾ ಅಕ್ಷರ ನೋಡ್ಕೊಂಡು, ಜಪಮಾಲೆ ಎಣಿಸ್ಕೊಂಡು ನಡೀಬೇಕು. ಹೊಟ್ಟೆ ಉರಿಯಲ್ವಾ?"

ಬ್ಯಾನರಿನ ಎರಡು ಕೋಲುಗಳನ್ನು ತಾಯಂದಿರೇ ಹಿಡಿಯಬೇಕೆಂಬುದು ಅವರ ಚರ್ಚಿನ ರೂಢಿ. ಓರಗಿತ್ತಿಗೆ, ಅಂದರೆ ಮೈದುನನ ಹೆಂಡತಿಗೆ, ನಾಲ್ಕು ಮಕ್ಕಳು. ಟೈಲರಕ್ಕ ಎರಡು ಸಲ ಬಸಿರಾದರು. ಎರಡು ಸಲವೂ ಐದನೇ ತಿಂಗಳಲ್ಲಿ ಗರ್ಭ ಇಳಿದುಹೋಯಿತು. ಆಮೇಲೆ ಆಗಲೇ ಇಲ್ಲ. ಒಮ್ಮೆಯಾದರೂ ಆ ಕೋಲು ಹಿಡಿಯಬೇಕೆಂಬ ಆಸೆ ಮಾತ್ರ ಉಳಿದಿದೆ.

ಉದ್ದ ಬ್ಯಾನರಿನಲ್ಲಿ ಗಾಳಿ ಹಾಯಲು ಅಲ್ಲಲ್ಲಿ ಅರ್ಧಚಂದ್ರದ ಸೀಳು ಬಿಡಬೇಕು. ಇಲ್ಲದಿದ್ದರೆ ಸೇತುವೆಯ ಮೇಲೆ ಬಟ್ಟೆ ಉಬ್ಬಿ, ಹಿಡಿದವರನ್ನು ಎಳೆದಾಡುತ್ತದೆ. ಪ್ರತಿ ವರ್ಷ ಇಪ್ಪತ್ತನಾಲ್ಕು ಸೀಳು. ಈ ವರ್ಷ ಒಂದೂ ಇಲ್ಲ. ಮರೆತದ್ದಲ್ಲ. "ಒಂದ್ಸಲ ಅವಳೂ ಒದ್ದಾಡ್ಲಿ ಅಂತ," ಎಂದು ಟೈಲರಕ್ಕ ಕಣ್ಣು ತಪ್ಪಿಸುತ್ತಾರೆ.

ಪೂಜೆ ಮುಗಿದು ಜನ ಅಂಗಳದಲ್ಲಿ ಸಾಲುಗಟ್ಟುವಾಗ ಓರಗಿತ್ತಿ ಒಂದು ಕೋಲನ್ನು ತಂದು ಇವರ ಕೈಗೇ ಕೊಡುತ್ತಾಳೆ.

"ಅಕ್ಕಾ, ಈ ಸಲ ಒಂದು ಕಡೆ ನೀವು. ಫಾದರ್‌ಗೆ ಹೇಳಿದ್ದೀನಿ. ಹೊಟ್ಟೇಲಿದ್ದಾಗಲೇ ಅದು ಮಗು ಅಂತ ಬೀದೀಲಿ ಕೂಗೋರು ನಾವು. ನಿಮ್ಮನ್ನ ತಾಯಿ ಅಲ್ಲ ಅಂದ್ರೆ ಹೇಗೆ?"

ಟೈಲರಕ್ಕ ಕೋಲು ಹಿಡಿದುಕೊಳ್ಳುತ್ತಾರೆ. ಸೀಳಿನ ವಿಷಯ ಹೇಳಿಬಿಡಬೇಕು. ಹೇಳಿದರೆ ಕೋಲು ಕೈತಪ್ಪೀತು. ಹೇಳದೆಯೇ ನಡೆಯುತ್ತಾರೆ.

ಸೇತುವೆಯ ಮೇಲೆ ಗಾಳಿ ಬೀಸಿದ್ದೇ ತಡ, ಬ್ಯಾನರು ಉಬ್ಬಿ ಇಬ್ಬರನ್ನೂ ಹಿಂದಕ್ಕೆಳೆಯುತ್ತದೆ. ಟೈಲರಕ್ಕನ ಚಪ್ಪಲಿ ಕಿತ್ತುಹೋಗುತ್ತದೆ. ಹಿಂದಿದ್ದ ಮುನ್ನೂರು ಜನ ಜಪ ನಿಲ್ಲಿಸಿ ನಿಲ್ಲುತ್ತಾರೆ.

"ಸೀಳು ಬಿಟ್ಟಿಲ್ಲ ಕಣೇ," ಎನ್ನುತ್ತಾರೆ ಟೈಲರಕ್ಕ. "ಬೇಕಂತಲೇ ಬಿಡಲಿಲ್ಲ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ."

ಓರಗಿತ್ತಿ ತನ್ನ ಕೋಲನ್ನು ನೆಲಕ್ಕಿಳಿಸುತ್ತಾಳೆ. ಆಮೇಲೆ, "ಕತ್ತರಿ ಇದೆಯಾ ಅಕ್ಕಾ?" ಎನ್ನುತ್ತಾಳೆ.

ಚೀಲದಲ್ಲಿದೆ. ನಡುರಸ್ತೆಯಲ್ಲೇ ಮಂಡಿಯೂರಿ ಟೈಲರಕ್ಕ ಇಪ್ಪತ್ತನಾಲ್ಕು ಸೀಳುಗಳನ್ನು ಕತ್ತರಿಸುತ್ತಾರೆ. ಓರಗಿತ್ತಿ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಡುತ್ತಾಳೆ.

ಸಂಜೆ ಅಂಗೈಯ ಬೊಬ್ಬೆಗೆ ಮುಲಾಮು ಹಚ್ಚಿಕೊಳ್ಳುತ್ತಾ ಕೂತಿದ್ದಾರೆ. ಹೊಟ್ಟೆಕಿಚ್ಚು ಇಳಿಯಿತೇ ಎಂದರೆ ನಗು.

"ಎಲ್ಲಿ ಇಳಿಯುತ್ತೆ? ಇಷ್ಟು ದಿನ ಅವಳಿಗೆ ಮಕ್ಕಳಿದ್ದಾವೆ ಅಂತ ಉರೀತಿತ್ತು. ಈಗ ಅವಳ ಮನಸ್ಸೂ ನನಗಿಂತ ದೊಡ್ಡದು ಅಂತ ಗೊತ್ತಾಯ್ತಲ್ಲ, ಅದಕ್ಕೂ ಉರೀತಿದೆ."

ಬೀಳ್ಕೊಡಲು ಬಾಗಿಲವರೆಗೆ ಬಂದು, ಒಂದೇ ಒಂದು ಮಾತು ಕೇಳಿಕೊಳ್ಳುತ್ತಾರೆ.

"ಏನ್ ಬೇಕಾದ್ರೂ ಬರೀರಿ. ಹೊಟ್ಟೆಕಿಚ್ಚಿನೋಳು ಅಂತಲೂ ಬರೀರಿ. ಮಕ್ಕಳಿಲ್ಲ ಅಂತ ಮಾತ್ರ ಬರೀಬೇಡಿ."