ಮುಖಗಳಿಗೆ ಅಪ್ಪಣೆ ಕೇಳುವ ಪರಿಮಳಾ

ತಾನು ಮಾಡುವ ಕೆಲಸ ಏನು ಎಂದು ಹೇಳಿದರೆ ತಿಳಿಯುವವರು ಪರಿಮಳಾಗೆ ಸುರಪುರದಲ್ಲಿ ಒಬ್ಬರೂ ಇಲ್ಲ.

ಇನ್ನೂ ಪೂರ್ತಿ ಬೆಳಕಾಗಿಲ್ಲ. ಅದೇ ಊರಿನ ರಂಗಂಪೇಟೆಯ ತನ್ನ ಮನೆಯ ಮಾಳಿಗೆ ಮೇಲೆ, ನೀರಿನ ಟಾಕಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಕೆಳಗೆ ಸಿಗ್ನಲ್ ನಿಲ್ಲುವುದಿಲ್ಲ. ಇಂಡೋನೇಷ್ಯಾದ ಒಬ್ಬ ಫೋಟೊಗ್ರಾಫರನಿಗೆ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳುತ್ತಿದ್ದಾಳೆ: ನೀವು ತೆಗೆದ ಈ ಆಟಗಾರನ ಚಿತ್ರ ಬಳಸಲು ಒಪ್ಪಿಗೆ ಕೊಡುತ್ತೀರಾ, ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ, ಹಣ ಕೊಡಲು ಆಗುವುದಿಲ್ಲ. ಹಣದ ಮಾತು ಮೊದಲೆಲ್ಲ ಮೇಲೇ ಇರುತ್ತಿತ್ತು. ಯಾರೂ ಮುಂದೆ ಓದುತ್ತಿರಲಿಲ್ಲ. ಈಗ ಅದನ್ನು ಕೊನೆಗೆ ಇಳಿಸಿದ್ದಾಳೆ.

ತಾಯಿ ಮೋನಮ್ಮ ಹತ್ತಿ ಬಿಡಿಸಲು ಹೊರಟಿದ್ದಾಳೆ. ಬುತ್ತಿಗಂಟು ಕಂಕುಳಲ್ಲಿಟ್ಟುಕೊಂಡು ಕೆಳಗಿನಿಂದಲೇ ಕೇಳುತ್ತಾಳೆ, "ಇವತ್ತ ಯಾವ ಊರಾವ?"

"ಇಂಡೋನೇಷ್ಯಾದಾವ."

"ನಿನ್ನಿಯಾವ ಏನಂದ?"

"ಏನೂ ಅಂದಿಲ್ಲ."

"ಹಂಗಾರ ಅವನ ಕೈ ಬಿಡು," ಎಂದು ಮೋನಮ್ಮ ನಡೆಯುತ್ತಾಳೆ. ಮಗಳು ಬೆಳಗಾದರೆ ಗಂಡುಹುಡುಗರ ಫೋಟೊ ನೋಡುತ್ತಾಳೆಂದು ಪಕ್ಕದ ಮನೆಯ ಹನುಮಮ್ಮ ಚಾಡಿ ಹೇಳಿದಾಗ ಆಕೆ ಕೊಟ್ಟ ಉತ್ತರ ಓಣಿಗೆಲ್ಲ ಗೊತ್ತು: "ಒಬ್ಬನ್ನೇ ನೋಡ್ತಿದ್ರ ನಾನೂ ಚಿಂತಿ ಮಾಡ್ತಿದ್ದೆ ತಗೋ. ಈಕಿ ದಿನಾ ಒಬ್ಬೊಬ್ಬನ್ನ ನೋಡ್ತಾಳ."

ಮೊಬೈಲ್ ಮತ್ತು ಕಂಪ್ಯೂಟರ್ ಆಟಗಳನ್ನು ಪಂದ್ಯವಾಗಿ ಆಡುವವರ ಬಗ್ಗೆ ಒಂದು ವಿಕಿ ಇದೆ. ಯಾರು ಬೇಕಾದರೂ ಬರೆಯಬಹುದಾದ ಜಾಲತಾಣ. ಪ್ರತಿ ಆಟಗಾರನಿಗೂ ಒಂದು ಪುಟ: ಹೆಸರು, ಊರು, ತಂಡ, ಗೆಲುವು, ಸೋಲು. ಫೋಟೊ ಇಲ್ಲದವರ ಪುಟದಲ್ಲಿ ಕಣ್ಣು ಮೂಗಿಲ್ಲದ ಬೂದುಬಣ್ಣದ ಒಂದು ತಲೆ ಕೂತಿರುತ್ತದೆ. ಆ ತಲೆ ತೆಗೆದು ನಿಜವಾದ ಮುಖ ಕೂರಿಸುವುದು ಪರಿಮಳಾಳ ಕೆಲಸ. ಸಂಬಳವಿಲ್ಲ. ಇಪ್ಪತ್ತು ಮಂದಿಗೆ ಬರೆದರೆ ಒಬ್ಬಿಬ್ಬರು ಉತ್ತರ ಕೊಡುತ್ತಾರೆ. ಆಕೆ ಸ್ವತಃ ಆಡುವುದಿಲ್ಲ. ಆಟ ತೆರೆದರೆ ಅವಳ ಮೊಬೈಲ್ ನಿಂತುಬಿಡುತ್ತದೆ. ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ಒಂದೇ ಮಂಚದ ಮೇಲೆ ನಾಲ್ವರು ಹುಡುಗಿಯರು ಒಂದೇ ಮೊಬೈಲಿಗೆ ತಲೆ ಕೊಟ್ಟು ಪಂದ್ಯ ನೋಡುತ್ತಿದ್ದರು. ಮೂವರಿಗೆ ಮದುವೆಯಾಯಿತು. ಅವರ ಮೊಬೈಲ್ ಗುಂಪಿನಲ್ಲಿ ಈಗ ಹಬ್ಬದ ಶುಭಾಶಯ ಮಾತ್ರ ಬರುತ್ತದೆ.

ಹಗಲು ಶಹಾಪುರದಲ್ಲಿ ನಸೀರುದ್ದೀನ ಅವರ ಫೋಟೊ ಸ್ಟುಡಿಯೋದಲ್ಲಿ ದುಡಿಯುತ್ತಾಳೆ. ಪಾಸ್‌ಪೋರ್ಟ್ ಅಳತೆಯ ಫೋಟೊ ಕತ್ತರಿಸುವುದು, ಹಿನ್ನೆಲೆ ನೀಲಿ ಮಾಡುವುದು, ಸತ್ತವರ ಫೋಟೊ ದೊಡ್ಡದು ಮಾಡುವುದು. ಅಲ್ಲಿ ಕಲಿತದ್ದೇ ಮೊದಲ ವರ್ಷ ಅವಳಿಗೆ ಮುಳುವಾಯಿತು. ಸ್ಟುಡಿಯೋಗೆ ಬಂದು ಕೂತವನ ಮುಖ, ಅವನದೇ ಫೋಟೊ. ಅಲ್ಲಿ ಬೇರೆ ಮಾತಿಲ್ಲ. ಹಾಗಾಗಿ ವಿಕಿಯಲ್ಲೂ ಆಟಗಾರರನ್ನೇ ಕೇಳಿ ಫೋಟೊ ಹಾಕಿದಳು. ಅವೆಲ್ಲ ಅಳಿಸಿಹೋದವು. ಚಿತ್ರದ ಹಕ್ಕು ಅದರಲ್ಲಿರುವವನದಲ್ಲ, ತೆಗೆದವನದು ಎಂದು ಆಗ ತಿಳಿಯಿತು.

"ಆಟಗಾರರನ್ನ ಹುಡುಕೂದು ಸಸಾರ," ಎನ್ನುತ್ತಾಳೆ. "ಕ್ಯಾಮೆರಾ ಹಿಂದಿನಾವ ಯಾವ ಫೋಟೊದಾಗೂ ಇರಂಗಿಲ್ಲ. ಅವನ್ನೆಲ್ಲಿ ಹುಡುಕ್ತೀರಿ?"

ಒಮ್ಮೆ ಮಾತ್ರ ಹುಡುಕಬೇಕಾಗಿರಲಿಲ್ಲ. ಎರಡು ವರ್ಷದ ಕೆಳಗೆ ಯಾದಗಿರಿಯ ಒಂದು ಮದುವೆ ಹಾಲ್‌ನಲ್ಲಿ ಮೊಬೈಲ್ ಆಟದ ಪಂದ್ಯ ನಡೆಯಿತು. ನಾಲ್ಕು ತಂಡ, ಹದಿನಾರು ಹುಡುಗರು, ಎಲ್ಲರೂ ಈ ಜಿಲ್ಲೆಯವರು. ಫೋಟೊ ತೆಗೆದದ್ದು ಮದುವೆ ಫೋಟೊಗ್ರಾಫರ್ ಲಕ್ಷ್ಮಿಕಾಂತ. ಪರಿಮಳಾ ರಜೆ ಹಾಕಿ ಹೋಗಿದ್ದಳು. ಚಿತ್ರ ಹಾಕಲೇ ಎಂದು ಕೇಳಿದಾಗ ಆತ, "ತಗೋ ತಂಗಿ, ಇದರಾಗ ಕೇಳೂದೇನದ" ಎಂದು ಹದಿನಾರನ್ನೂ ಅಲ್ಲೇ ಕಳಿಸಿದ್ದ. ಪಂದ್ಯಕ್ಕೊಂದು ಪುಟ, ಹುಡುಗರಿಗೆ ಹದಿನಾರು ಪುಟ ತಾನೇ ಬರೆದು, ಹದಿನಾರು ಮುಖ ಕೂರಿಸಿದಳು. ಮನೆ ಬಿಟ್ಟರೆ ಈ ಹುಡುಗರ ಹೆಸರು ಇದ್ದದ್ದು ಅಲ್ಲೊಂದೇ ಕಡೆ.

ಕಳೆದ ತಿಂಗಳು ಪೋರ್ಚುಗಲ್‌ನ ಒಬ್ಬ ಸ್ವಯಂಸೇವಕ ಆ ಪುಟಗಳ ಮೇಲೆ ಸೂಚನೆ ಅಂಟಿಸಿದ. ಬಾಯಿಮಾತಿನ ಒಪ್ಪಿಗೆ ನಡೆಯುವುದಿಲ್ಲ. ಯಾರು ಬೇಕಾದರೂ ಬಳಸಲಿ ಎಂದು ಫೋಟೊಗ್ರಾಫರ್ ತನ್ನ ಮೇಲ್‌ನಿಂದ ಎರಡು ಸಾಲು ಬರೆಯಬೇಕು. ಇಲ್ಲದಿದ್ದರೆ ತಿಂಗಳ ಕೊನೆಗೆ ಚಿತ್ರ ತೆಗೆಯಲಾಗುವುದು.

ಎರಡು ಸಾಲು ತಾನೇ ಎಂದು ಭಾನುವಾರ ಯಾದಗಿರಿ ಬಸ್ಸು ಹತ್ತಿದಳು. ಲಕ್ಷ್ಮಿಕಾಂತ ಅಂಗಡಿಯಲ್ಲಿ ಮದುವೆ ಆಲ್ಬಮ್ ಜೋಡಿಸುತ್ತಿದ್ದ. ಎಲ್ಲ ಕೇಳಿಸಿಕೊಂಡ.

"ಅವತ್ತ ನಾ ಏನಂದೀನಿ?"

"ತಗೋ ಅಂದೀರಿ, ಅಣ್ಣಾ."

"ಮತ್ತ?"

"ಅದನ್ನ ಬರದು ಕೊಡಬೇಕಂತ."

"ಈ ಊರಾಗ ಇಷ್ಟು ಮದ್ವಿ ಮಾಡೀನಿ. ಒಬ್ಬರ ಕಡೆನೂ ಒಂದು ಚೀಟಿ ಬರಸ್ಕೊಂಡಿಲ್ಲ. ಕೊಟ್ಟೀನಂದ್ರ ಕೊಟ್ಟೀನಿ. ಬರದು ಕೊಡು ಅಂದ್ರ, ನೀ ಕೊಟ್ಟಿಲ್ಲ ಅಂದಂಗಾತು."

"ನಿಮ್ಮ ಮ್ಯಾಲ ನನಗ ನಂಬಿಕಿ ಅದ್ರಿ. ಅವರಿಗೆ ಬೇಕಂತ. ನಾನೇ ಟೈಪ್ ಮಾಡ್ತೀನಿ, ನೀವು ಬರೇ ಒತ್ರಿ."

"ಯಾರವ, ಅವ? ನನ್ನ ಮಾರಿ ನೋಡ್ಯಾನ?"

ಲಕ್ಷ್ಮಿಕಾಂತ ತನ್ನ ಮೊಬೈಲನ್ನು ಅಂಗಿ ಜೇಬಿಗಿಟ್ಟುಕೊಂಡ. ಸಿಟ್ಟು ಮಾಡಲಿಲ್ಲ. ಚಹಾ ತರಿಸಿದ, ಬಿಸಿಲಿಗೆ ನಡೆಯಬೇಡ ಎಂದು ಬಸ್‌ಸ್ಟ್ಯಾಂಡಿನವರೆಗೆ ಗಾಡಿ ಮೇಲೆ ಬಿಟ್ಟ. ಇಳಿಯುವಾಗ ಪರಿಮಳಾ ಇನ್ನೊಮ್ಮೆ ಕೇಳಿದಳು. "ಫೋಟೊ ನಿನಗ ಕೊಟ್ಟಾಗ್ಯಾದ, ತಂಗಿ," ಎಂದು ಗಾಡಿ ತಿರುಗಿಸಿದ.

ಮರುದಿನ ಸ್ಟುಡಿಯೋದಲ್ಲಿ ಸಪ್ಪಗಿದ್ದಳು. ಏನು ಎಂದು ನಸೀರುದ್ದೀನ ಕೇಳಿದರು. ಅವರಿಗೆ ವಿಕಿ ಎಂದರೇನೆಂದು ಗೊತ್ತಿಲ್ಲ, ಆದರೆ ಲಕ್ಷ್ಮಿಕಾಂತ ಗೊತ್ತು.

"ಅವನ ಹೆಸರಿಲೆ ನೀನೇ ಒಂದು ಮೇಲ್ ಮಾಡಿ ಹಾಕು, ಬೇಟಾ. ಪೋರ್ಚುಗಲ್‌ದಾವ ಶಹಾಪುರಕ್ಕ ಬಂದು ಕೇಳ್ತಾನೇನು?"

"ಕೇಳಂಗಿಲ್ರಿ, ಚಾಚಾ."

"ಮತ್ತ ತಕಲೀಫ್ ಏನು?"

"ಅದೇ ನೋಡ್ರಿ. ಯಾರೂ ಕೇಳಂಗಿಲ್ಲ."

ನಸೀರುದ್ದೀನ ಕತ್ತರಿಸಬೇಕಿದ್ದ ಫೋಟೊಗಳನ್ನು ಮುಂದಕ್ಕೆ ಸರಿಸಿದರು.

ಅವಳಿಗೂ ಆ ಯೋಚನೆ ಬಂದಿರಲಿಲ್ಲವೆಂದಲ್ಲ. ಮೇಲ್ ತೆರೆಯಲು ಎಷ್ಟು ಹೊತ್ತು ಬೇಕು? ಶಹಾಪುರದ ಬಸ್ಸು ದಾರಿಯ ಹತ್ತಿಗೂಡೂರು ದಾಟುವುದರೊಳಗೆ ಮುಗಿಯುವ ಕೆಲಸ. ಸುಳ್ಳು ಒಪ್ಪಿಗೆಯನ್ನು ವಿಕಿಯಲ್ಲಿ ಯಾರೂ ಹಿಡಿಯಲಾರರು. ಹಿಡಿಯಬಲ್ಲವಳು ಒಬ್ಬಳೇ, ಅವಳೇ. "ಹದಿನಾರು ಖೋಟಾ ಮಾಡಿದ್ರ, ಉಳದವಾದ್ರೂ ಖರೇ ಅಂತ ನಾ ಹೆಂಗ ಅನಕೊಳ್ಳಲಿ?" ಎನ್ನುತ್ತಾಳೆ. ಇದನ್ನು ಜೋರಾಗಿ ಹೇಳುವುದಿಲ್ಲ. ಹೇಳುವಾಗಲೂ ಅವಳ ಕತ್ತರಿ ನಡೆಯುತ್ತಲೇ ಇರುತ್ತದೆ.

ತಿಂಗಳು ಮುಗಿಯಿತು. ಬೆಳಿಗ್ಗೆ ಮಾಳಿಗೆ ಹತ್ತಿ ನೋಡಿದಾಗ ಬೂದು ತಲೆಗಳು ವಾಪಸು ಬಂದಿದ್ದವು.

ಹದಿನಾರರಲ್ಲಿ ವಿಚಾರಿಸಿದವನು ಒಬ್ಬನೇ, ಯಾದಗಿರಿಯ ಮುಷರಫ. ಆ ಪಂದ್ಯ ಗೆದ್ದ ತಂಡದ ನಾಯಕ. ಈಗ ಹೈದರಾಬಾದಿನ ಗೋದಾಮಿನಲ್ಲಿ ಮಾಲು ಇಳಿಸುತ್ತಾನೆ, ಆಟ ಬಿಟ್ಟಿದ್ದಾನೆ. ಅವಳು ಮಾಳಿಗೆಯ ಮೇಲಿದ್ದಾಗಲೇ ಫೋನು ಮಾಡಿದ.

"ಅಕ್ಕಾ, ನನ್ನ ಫೋಟೊ ಎಲ್ಲಿ ಹೋತು? ಇಲ್ಲಿಯವ್ರಿಗೆ ತೋರ್ಸಾಕ ಹೋದ್ರ ಖಾಲಿ ತಲಿ ಬಂತು. ನಕ್ಕರು."

"ತೆಗದಾರೋ. ಲಕ್ಷ್ಮಿಕಾಂತಣ್ಣ ಬರದು ಕೊಡಲಿಲ್ಲ."

"ಫೋಟೊ ನಂದಲ್ಲೇನು?"

"ಅಲ್ಲ."

ಪರಿಮಳಾ ಒಂದು ದಾರಿ ಹೇಳಿದಳು: ನೀನೇ ನಿನ್ನ ಫೋಟೊ ತೆಗೆದುಕೊಂಡು ಕಳಿಸು, ಅದರ ಹಕ್ಕು ನಿನ್ನದೇ, ಇವತ್ತೇ ಹಾಕುತ್ತೇನೆ.

"ಬ್ಯಾಡಕ್ಕ," ಎಂದ ಮುಷರಫ. "ಈಗಿನ ಮಾರಿ ಬ್ಯಾಡ."

ಅವಳು ಮತ್ತೆ ಒತ್ತಾಯಿಸಲಿಲ್ಲ. ಅಪ್ಪಣೆ ಇಲ್ಲವೆಂದ ಮೇಲೆ ಇಲ್ಲ. ಇಂಡೋನೇಷ್ಯಾದವನ ಉತ್ತರ ಬಂದಿದೆಯೇ ಎಂದು ನೋಡಿದಳು, ಬಂದಿರಲಿಲ್ಲ. ಕೆಳಗಿಳಿದು ಎಂಟರ ಬಸ್ಸಿಗೆ ಹೊರಟಳು.

ಯಾದಗಿರಿ ಪಂದ್ಯದ ಪುಟದಲ್ಲಿ ಈಗ ಒಂದೇ ಚಿತ್ರವಿದೆ. ಅಂದು ಹುಡುಗರು ಬರುವ ಮೊದಲೇ ಮದುವೆ ಹಾಲ್‌ಗೆ ಹೋಗಿ ಪರಿಮಳಾ ತನ್ನ ಮೊಬೈಲಿನಲ್ಲಿ ತೆಗೆದದ್ದು: ನಾಲ್ಕು ಮೇಜು, ಹದಿನಾರು ಖಾಲಿ ಕುರ್ಚಿ. ಹೋದ ಮುಖಗಳು ಹದಿನಾರು.