ಆತ ತೆಗೆಯಲೊಲ್ಲದ ಮೀಸೆ

ಕತ್ತರಿ ಹಿಡಿದು ಹಿಡಿದು ಆತನ ಬಲಗೈಯ ಹೆಬ್ಬೆರಳು ಹೊರಕ್ಕೆ ಬಾಗಿ ಹಾಗೆಯೇ ನಿಂತುಬಿಟ್ಟಿತ್ತು. ಆ ಸೊಟ್ಟ ಬೆರಳಿನಿಂದಲೇ ಗಿರಾಕಿಯ ಗದ್ದ ಎತ್ತಿ, ಮೀಸೆಗೆ ಕೈ ಹಚ್ಚುವ ಮೊದಲು ಕೇಳುತ್ತಿದ್ದ: ‘ಅಪ್ಪ ಅದಾನೇನಪಾ?’ ಇದ್ದಾನೆಂದರೆ ಅಂಚು ಸವರುತ್ತಿದ್ದನೇ ಹೊರತು ಮೀಸೆ ತೆಗೆಯುತ್ತಿರಲಿಲ್ಲ. ನಮ್ಮ ಕಡೆ ಮೀಸೆ ಬೋಳಿಸುವುದು ಅಪ್ಪ ಸತ್ತಾಗ. ಈಗಿನವರು ನಗುತ್ತಾರೆ. ನಗುವವರನ್ನೂ ಆತ ಕೇಳದೆ ಬಿಡುತ್ತಿರಲಿಲ್ಲ.

ಗದಗಿನ ಒಂದು ಕಾಲೇಜಿನ ಎದುರು ಆತನ ಕ್ಷೌರದಂಗಡಿ. ಆ ಕಾಲೇಜಿನ ಹಾಸ್ಟೆಲಿಗೆ ನಾನು ಕಾವಲುಗಾರ. ಮೆಟ್ರಿಕ್ ಪಾಸಾದವನೆಂಬ ಜಂಬ ಬೇರೆ.

ಹಾಸ್ಟೆಲಿನಲ್ಲಿ ಹುಡುಗರದೊಂದು ಸಂಘವಿತ್ತು. ಸಮಾಜಸೇವೆಯೇ ನಮ್ಮ ಗುರಿ ಎಂದು ಬ್ಯಾನರು ಕಟ್ಟಿದ್ದರು. ಮಾಡಿದ ಸೇವೆಯೆಂದರೆ ಹೊಸದಾಗಿ ಬಂದವರಿಂದ ತಮ್ಮ ಬನಿಯನ್ನು ಒಗೆಸಿದ್ದು, ಅವರನ್ನು ಕೋಳಿಯಂತೆ ಕೂಗಿಸಿದ್ದು. ಒಬ್ಬೊಬ್ಬರೇ ಸಿಕ್ಕರೆ ನಾಯಿಗೂ ದಾರಿ ಬಿಡುವ ಪುಕ್ಕಲರು, ಹತ್ತು ಜನ ಕೂಡಿದರೆ ಹುಲಿ. ಇದನ್ನು ತಡೆಯಲು ಒಂದು ಸಮಿತಿಯೂ ಇತ್ತು. ಅದು ವರ್ಷಕ್ಕೊಮ್ಮೆ ಕೂಡಿ, ಗಿರ್ಮಿಟ್ಟು ಮಿರ್ಚಿ ತಿಂದು, ‘ರ್ಯಾಗಿಂಗ್ ಅಪರಾಧ’ ಎಂಬ ಫಲಕದ ಕೆಳಗೆ ಫೋಟೊ ತೆಗೆಸಿಕೊಂಡು ಏಳುತ್ತಿತ್ತು. ಇವರೆಲ್ಲರಿಗಿಂತ ಹೇಸಿ ನಾನು. ವಾರ್ಷಿಕೋತ್ಸವದಲ್ಲಿ ಸಂಘದವರು ನನಗೊಂದು ಶಾಲು ಹೊದಿಸಿ ‘ನಮ್ಮ ಕಾಕಾ’ ಎಂದಿದ್ದರು. ಆ ಒಂದು ಶಾಲಿಗೆ ನಾನು ಕಣ್ಣು, ಕಿವಿ ಎರಡನ್ನೂ ಮಾರಿಕೊಂಡಿದ್ದೆ.

ಎಂಟು ವರ್ಷದ ಹಿಂದೆ, ಒಂದು ರವಿವಾರ ಬೆಳಿಗ್ಗೆ, ಸಂಘದ ಅಧ್ಯಕ್ಷ, ಡೋಣಿ ಎಂಬ ಹಳ್ಳಿಯ ಹೊಸ ಹುಡುಗನೊಬ್ಬನನ್ನು ಅಂಗಡಿಗೆ ಎಳೆದು ತಂದ. ಹಿಂದೆ ಇಡೀ ಹಿಂಡು. ಅದರಲ್ಲಿ ನಾನೂ ಒಬ್ಬ.

‘ಇಂವಂದು ಅರ್ಧ ಮೀಸಿ ತಗೀರಿ. ಸಂಘಕ್ಕ ಸೇರಿಸ್ಕೋತೀವಿ.’

ಆತ ಹುಡುಗನ ಗದ್ದ ಎತ್ತಿದ. ‘ಅಪ್ಪ ಅದಾನೇನಪಾ?’

‘ಅದಾರ್ರೀ.’

‘ಹಂಗಾರ ಏಳು.’ ಅಧ್ಯಕ್ಷನ ಕಡೆ ತಿರುಗಿ, ‘ನೀ ಕುಂಡ್ರು ತಮ್ಮಾ. ಇಷ್ಟ ಛಲೋ ಪದ್ಧತಿ ಇದ್ರ ಅಧ್ಯಕ್ಷರಿಂದನ ಸುರು ಆಗ್ಲಿ,’ ಎಂದ.

ಹಿಂಡಿನವರೇ ಕಿಸಕ್ಕೆಂದರು. ಅಧ್ಯಕ್ಷನ ಮುಖ ಇಳಿದದ್ದನ್ನು ನೋಡಲಾರದೆ ನಾನು, ‘ಇಂವನ್ನೇನ್ ಕೇಳ್ತೀರಿ, ನಾ ತಗೀತೀನಿ ಬರ್ರಿ,’ ಎಂದೆ. ಹಾಸ್ಟೆಲಿನ ಅಂಗಳದಲ್ಲಿ ಇಬ್ಬರು ಹುಡುಗನ ಕೈ ಹಿಡಿದರು. ನನ್ನದೇ ರೇಜರಿನಿಂದ ಅವನ ಚಿಗುರು ಮೀಸೆಯ ಒಂದು ಬದಿ ಬೋಳಿಸಿದೆ.

‘ಕಾಕಾ, ನಮ್ಮವ್ವ ನೋಡಿದ್ರ ಎದಿ ಒಡಕೋತಾಳ್ರೀ,’ ಎಂದ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ.

ಮಧ್ಯಾಹ್ನವೇ ಹುಡುಗ ಮುಖಕ್ಕೆ ಟವೆಲು ಸುತ್ತಿಕೊಂಡು ಊರಿಗೆ ಹೊರಟ. ಆತ ಅಂಗಡಿ ಮುಚ್ಚಿ ಅವನೊಡನೆ ಬಸ್ಸು ಹತ್ತಿದ, ಹೆತ್ತವರಿಗೆ ತಾನೇ ತಿಳಿಸಿ ಹೇಳಲು. ಮರುದಿನ ನನ್ನ ಹತ್ತಿರ ಬಂದ. ಬೈದಿದ್ದರೆ ಹಗುರಾಗುತ್ತಿತ್ತು.

‘ಹುಡುಗ ತಿರುಗಿ ಬರಾಕ ತಯಾರ ಅದಾನ. ಆದ್ರ ಮಾಡಿದವ್ರು ಮಾಡೀವಿ ಅಂತ ಒಪ್ಕೋಬೇಕಂತ. ಪ್ರಿನ್ಸಿಪಾಲರ ಮುಂದ ಖರೆ ಹೇಳು. ಅವನ ಓದು ನಿನ್ನ ಬಾಯಾಗ ಐತಿ.’

ಪ್ರಿನ್ಸಿಪಾಲರ ಮುಂದೆ ನಾನು ಹೇಳಿದ್ದು: ‘ನಾ ಏನೂ ನೋಡಿಲ್ರೀ.’ ಹುಡುಗ ತಾನೇ ಶೋಕಿಗೆ ತೆಗೆದುಕೊಂಡನೆಂದು ಅಧ್ಯಕ್ಷ ಹೇಳಿದ. ಸಮಿತಿ ಅದನ್ನೇ ಬರೆದುಕೊಂಡಿತು. ಅಂಗಡಿಯಲ್ಲಿ ನಡೆದದ್ದನ್ನು ಆತ ಹೇಳಹೋದರೆ, ಅಂಗಳದಲ್ಲಿ ನೀನಿದ್ದೆಯೇನು ಎಂದು ಬಾಯಿ ಮುಚ್ಚಿಸಿದರು. ಹುಡುಗ ಬರಲಿಲ್ಲ.

ಆ ಅಂಗಡಿಗೆ ಯಾರೂ ಕಾಲಿಡಬಾರದೆಂದು ಸಂಘ ಫರ್ಮಾನು ಹೊರಡಿಸಿತು. ಆತ ಅದಕ್ಕೂ ಜಗ್ಗಲಿಲ್ಲ. ಪ್ರತಿ ವರ್ಷ ಕಾಲೇಜು ಸುರುವಾಗುವಾಗ ಗೇಟಿನಲ್ಲಿ ನಿಂತು ಹೊಸಬರಿಗೆ ಹೇಳುತ್ತಿದ್ದ: ‘ಯಾರರ ಕಾಡಿದ್ರ ನನ್ನ ಕಡೆ ಬರ್ರಿ. ಹಿಂದಿನ ಬಾಗ್ಲಾ ತಗದ ಇರ್ತೈತಿ.’ ಬಂದವರ ಮನೆಗೆ ತಾನೇ ಫೋನು ಹಚ್ಚುತ್ತಿದ್ದ. ಹೆತ್ತವರು ಬಂದು ಗೇಟಿನಲ್ಲಿ ನಿಂತರೆ ಆ ಹುಲಿಗಳು ಬಾಲ ಮುದುಡುತ್ತಿದ್ದವು. ಫಲಕದಿಂದ ಆಗದ ಕೆಲಸ ಅದು. ನಾನು ಎದುರಾದಾಗಲೆಲ್ಲ ಒಂದೇ ಮಾತು: ‘ಇನ್ನೂ ಹೊತ್ತು ಐತಿ ನೋಡು.’

ಹೋದ ಶ್ರಾವಣದಲ್ಲಿ ಆತ ತೀರಿಕೊಂಡ. ಮಣ್ಣಿಗೆ ಹೋಗಿ ಬಂದ ಮೂರನೆಯ ದಿನ ನಾನು ಡೋಣಿಗೆ ಹೋದೆ. ಅಂದಿನ ಹುಡುಗ ಈಗ ಟ್ರ್ಯಾಕ್ಟರು ರಿಪೇರಿ ಮಾಡುತ್ತಾನೆ. ಎಲ್ಲ ಒಪ್ಪಿಕೊಂಡೆ; ಯಾರ ಮುಂದೆ ಬೇಕಾದರೂ ಬರೆದುಕೊಡುತ್ತೇನೆ ಎಂದೆ. ಅವನು ಕೈಯಲ್ಲಿದ್ದ ಪಾನಾ ಕೆಳಗಿಡಲೂ ಇಲ್ಲ.

‘ಆ ಅಂಗಡಿಯವರು ವರ್ಷಾ ಒಮ್ಮೆ ಇಲ್ಲಿಗೆ ಬರ್ತಿದ್ರು ಕಾಕಾ. ನಿಮ್ಮ ಸುದ್ದಿ ತಗದು, ಅಂವಾ ಕೆಟ್ಟಾಂವ ಅಲ್ಲ, ಇವತ್ತಿಲ್ಲ ನಾಳೆ ಹೇಳ್ತಾನ ಅಂತಿದ್ರು. ನಾ ನಂಬ್ತಿರಲಿಲ್ಲ.’ ನಟ್ಟು ಬಿಗಿಯುತ್ತಲೇ ಅಂದ: ‘ಅವರು ಇರೂತನಾ ಹೇಳಲಿಲ್ಲ. ಅವರನ್ನ ಸುಳ್ಳ ಮಾಡಿಬಿಟ್ರಲ್ರೀ.’