ಈಗ ಬೈಬ್ಯಾಡ್ರಿ

“ಇಷ್ಟ್ ವರ್ಷ ಏನ್ ಓದಿದಿ? ಒಂದು ಗಂಟು ಹಾಕಾಕ ಬರಲ್ಲೇನು ನಿನಗ?”

ಜೇವರ್ಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನಮ್ಮ ಹಿರಿಯ ಸರ್ಜನ್ ನನ್ನ ಮೇಲೆ ಕೂಗಾಡುತ್ತಿದ್ದರು. ಅದು ಎಂಬತ್ತರ ದಶಕ. ನಾನು ಆಗಷ್ಟೇ ಡಾಕ್ಟರಾಗಿ ಅವರ ಕೈಕೆಳಗೆ ಸೇರಿದ್ದೆ. ಮೇಜಿನ ಮೇಲೆ ನೆಲೋಗಿಯ ಶಾಂತಾಬಾಯಿ ಮಲಗಿದ್ದರು. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿತ್ತು. ಗುಲ್ಬರ್ಗದ ದೊಡ್ಡಾಸ್ಪತ್ರೆಗೆ ಕಳಿಸುವಷ್ಟು ಸಮಯವಿರಲಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಅವರಿಗೆ ಹೊಟ್ಟೆಯಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಪೂರ್ತಿ ಎಚ್ಚರವಿತ್ತು. ಅದನ್ನು ನಾವಿಬ್ಬರೂ ಮರೆತಿದ್ದೆವು.

ಸರ್ ಬೈದಷ್ಟೂ ನನ್ನ ಕೈ ನಡುಗಿತು. ಕೈ ನಡುಗಿದಷ್ಟೂ ಅವರು ಬೈದರು. ಆಗ ಅಡ್ಡ ಕಟ್ಟಿದ್ದ ಹಸಿರು ಬಟ್ಟೆಯ ಆಚೆಯಿಂದ ಶಾಂತಾಬಾಯಿಯವರ ದನಿ ಬಂತು.

“ಸಾಹೇಬ್ರ, ಆ ಹುಡುಗಗ ಈಗ ಬೈಬ್ಯಾಡ್ರಿ. ಅವನ ಕೈ ನನ್ನ ಹೊಟ್ಟ್ಯಾಗ ಅದ.”

ಯಾರೂ ನಗಲಿಲ್ಲ. ಸರ್ “ಆಯ್ತವ್ವ” ಎಂದರು. ಆಮೇಲೆ ಮೆಲುದನಿಯಲ್ಲಿ ಒಂದೊಂದೇ ಗಂಟು ಹೇಳಿಕೊಟ್ಟರು, ನಾನು ಹಾಕುತ್ತ ಹೋದೆ. ಕೈ ನಡುಕ ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಕರುಳೂ ಉಳಿಯಿತು, ಜೀವವೂ ಉಳಿಯಿತು.

ಸ್ಟ್ರೆಚರಿನಲ್ಲಿ ಹೊರಗೆ ಒಯ್ಯುವಾಗ ಶಾಂತಾಬಾಯಿ ಸರ್ ಕಡೆ ಕಣ್ಣು ಹೊರಳಿಸಿ, “ಈಗ ಏನ್ ಬೈತೀರಿ ಬೈರಿ” ಎಂದರು. ಸರ್ ಚಹಾ ತರಿಸಿದರು, ನನಗೂ ಸೇರಿಸಿ.

ಮುಂದೆ ನಾನೂ ಸರ್ಜನ್ ಆದೆ, ಮೆಡಿಕಲ್ ಕಾಲೇಜಿನಲ್ಲಿ ಕಲಿಸಿದೆ. ವಿದ್ಯಾರ್ಥಿಗಳಿಗೆ ಬೈಯುವುದನ್ನೇನೂ ಬಿಟ್ಟವನಲ್ಲ. ಆದರೆ ರೋಗಿ ವಾರ್ಡ್ ತಲುಪುವವರೆಗೆ ಕಾಯುತ್ತಿದ್ದೆ. ಅಷ್ಟರಲ್ಲಿ ಅರ್ಧ ಬೈಗುಳ ಮರೆತೇ ಹೋಗಿರುತ್ತಿತ್ತು.